ಬೆಟ್ಟದ ಪಾಲು

ಕಾಲು ಕೆಳಗೆ ಹೋಗುತ್ತದೆ, ವ್ಯಾನು ಮುಂದೆ ಹೋಗುವುದಿಲ್ಲ.
ಇಷ್ಟೇ ಹೇಳಿದ ಹಿಲಾರಿಯೊ ಚಂಬಿ,
ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟು,
ಡಾಕ್ಟರ ಮುಂದೆ ಮಗುವನ್ನು ಕೂರಿಸಿದವನ ಹಾಗೆ.

ಒಂದು. ಎರಡು. ಮೂರು.
ಅಲ್ಲಿಯವರೆಗೆ ಮೀನಮೇಷ ಎಣಿಸಿ
ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಚಿಮ್ಮುತ್ತದೆ.
ಮೊನ್ನೆ ಏರಿನಲ್ಲಿ ಒಬ್ಬಾಕೆಯ ಮಡಿಲಿನ ಮೊಟ್ಟೆ
ಅಷ್ಟೂ ಒಡೆದವು, ದೋನ್ಯಾ ನಿಕಾಸಿಯಾ.
ಮೂವತ್ತು ಮೊಟ್ಟೆ. ದುಡ್ಡು ನಾನೇ ಕೊಟ್ಟೆ.

ಎಲ್ ಆಲ್ಟೊದಲ್ಲಿ ಗಾಳಿ ತೆಳ್ಳಗೆ,
ನೀರು ಬೆರೆಸಿದ ಹಾಲಿನ ಹಾಗೆ.
ಹೊಸಬರು ಮೆಟ್ಟಿಲ ನಡುವೆ ನಿಂತು
ಗೋಡೆಯ ಬಣ್ಣ ನೋಡುವವರಂತೆ ನಟಿಸುತ್ತಾರೆ.
ಎಂಜಿನ್ನಿಗೆ ನಟನೆ ಬರುವುದಿಲ್ಲ.

ಕೆಳಗೆ ಲಾ ಪಾಸಿನಲ್ಲಿ ಒಬ್ಬ
ಬಾನೆಟ್ಟು ಎತ್ತುವ ಮೊದಲೇ ಹೇಳಿದ್ದನಂತೆ,
ಟರ್ಬೊ ಹೋಗಿದೆ, ಹೊಸದು ಹಾಕು.
ನೆಗಡಿ ಬಂತೆಂದು ಮೂಗು ಕೊಯ್ಯುವ ಜಾತಿ.

ದೊಡ್ಡಮ್ಮ ಏನೂ ಹೇಳಲಿಲ್ಲ.
ಎರಡೂ ಜಡೆಗಳನ್ನು ಬೆನ್ನಿಗೆ ಗಂಟು ಹಾಕಿ,
ದವಡೆಯ ಕೋಕಾ ಎಲೆಯನ್ನು ಎಡದಿಂದ ಬಲಕ್ಕೆ ಸರಿಸಿ
ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಳು.
ಧೂಳಿತ್ತು, ಒಂದು ಕೋಳಿಗರಿಯಿತ್ತು, ತಪ್ಪಿರಲಿಲ್ಲ.
ಟರ್ಬೊದ ಬಾಯೊಳಗೆ ಎರಡು ಬೆರಳಿಟ್ಟು
ಪುಟ್ಟ ಚಕ್ರವನ್ನು ಚಿಮ್ಮಿದಳು:
ಕೈಬಿಟ್ಟ ಮೇಲೂ ತಿರುಗಿತು, ಸದ್ದಿಲ್ಲದೆ,
ಆಚೆಗೂ ಅಲುಗದೆ ಈಚೆಗೂ ಅಲುಗದೆ.
ವೇಸ್ಟ್‌ಗೇಟಿನ ಕಡ್ಡಿಗೆ ಪಂಪು ಹಚ್ಚಿದರೆ
ಕರೆದಾಗ ಬಂತು, ಬಿಟ್ಟಾಗ ಹೋಯಿತು.

ಹೊಗೆ ಕಪ್ಪಗಿದೆ ದೊಡ್ಡಮ್ಮ, ಡೀಸೆಲ್ ಜಾಸ್ತಿ,
ಎಂದೆ ನಾನು, ಹದಿನಾರರ ಪಂಡಿತ, ದೀಪ ಹಿಡಿದು ನಿಂತವನು.
ಡೀಸೆಲ್ ಜಾಸ್ತಿಯಲ್ಲವೋ, ಗಾಳಿ ಕಮ್ಮಿ.
ಎರಡಕ್ಕೂ ಹೊಗೆ ಒಂದೇ.
ಚಕ್ರ ದುಡಿಯುತ್ತಿದೆ, ದುಡಿದದ್ದು ಮನೆ ಸೇರುತ್ತಿಲ್ಲ.
ನಡುದಾರಿಯಲ್ಲಿ ಯಾರು ತಿನ್ನುತ್ತಿದ್ದಾರೆ ನೋಡೋಣ.

ನಲ್ಲಿ ಪೈಪಿನ ಒಂದು ಗೇಣು ತುಂಡು,
ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ವಾಲ್ವು:
ಅವಳ ಆಸ್ಪತ್ರೆಯ ಎಕ್ಸ್‌ರೇ ಯಂತ್ರ.
ಅದನ್ನು ಟರ್ಬೊದ ಬಾಯಿಗೆ ಬಿಗಿದು, ಗಾಳಿ ತುಂಬಿಸಿ,
ಪಾತ್ರೆ ತೊಳೆಯುವ ಸೋಪಿನ ನೀರು ಚಿಮುಕಿಸುತ್ತ ಬಂದೆ.
ಮೊದಲ ಕೊಳವೆ: ಸುಮ್ಮನೆ.
ಮೊಣಕೈ ತಿರುವು: ಸುಮ್ಮನೆ.
ಇಂಟರ್‌ಕೂಲರಿನ ಹತ್ತಿರ, ಕ್ಲಾಂಪಿನ ಕೆಳಗೆ,
ಕಣ್ಣು ಹೋಗದ ಕತ್ತಲಲ್ಲಿ
ನೊರೆ ಕೊಂಚ ಯೋಚಿಸಿತು.
ಆಮೇಲೆ ಉಬ್ಬಿತು, ಒಂದೇ ಒಂದು ಗುಳ್ಳೆ,
ಒಳಗೆ ನನ್ನ ದೀಪ, ತಲೆಕೆಳಗಾದ ನನ್ನ ಮೂತಿ,
ಬಾಗಿಲಾಚೆ ಆಕಾಶದಲ್ಲಿ ತೂಗುವ ಹಳದಿ ಕೇಬಲ್ ಕಾರು.
ಒಡೆಯಿತು. ಇನ್ನೊಂದು ಬಂತು.

ಎಂಜಿನ್ ಸುಮ್ಮನಿದ್ದಾಗ ಸೀಳೂ ಬಾಯಿ ಮುಚ್ಚಿರುತ್ತದೆ,
ಎಂದಳು ದೊಡ್ಡಮ್ಮ, ಕೈ ಒರೆಸಿಕೊಳ್ಳುತ್ತ,
ಒತ್ತಡ ಬಿದ್ದಾಗಷ್ಟೇ ಬಿರಿಯುತ್ತದೆ.
ನಿಮ್ಮಪ್ಪನ ಹಾಗೆ.

ಗುಜರಿ ಲಾರಿಯೊಂದರ ಕೊಳವೆ, ಎರಡು ಹೊಸ ಕ್ಲಾಂಪು.
ಅರವತ್ತು ಬೊಲಿವಿಯಾನೊ.
ಅಷ್ಟೇನಾ? ಎಂದ ಹಿಲಾರಿಯೊ,
ದೊಡ್ಡ ಕಾಯಿಲೆಗೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದವನಿಗೆ
ತುಸು ನಿರಾಸೆಯಾದಂತಿತ್ತು.

ಕೊಳವೆಗೊಂದು ಹನಿ ಮದ್ಯ, ನೆಲಕ್ಕೊಂದು ಹನಿ.
ಮತ್ತೆ ಅದೇ ಏರು.
ಅವನು ಸ್ಟೀರಿಂಗಿಗೆ, ಅವಳು ಪಕ್ಕಕ್ಕೆ,
ಹಿಂದೆ ನಾನು, ಮಡಿಲಲ್ಲಿ ಮೊಟ್ಟೆಯ ಟ್ರೇ,
ಅದು ದೊಡ್ಡಮ್ಮನ ಅಳತೆಗೋಲು.
ಒತ್ತು, ಎಂದಳು.
ಒಂದು...
ಎರಡು ಎನ್ನಲು ಬಾಯಿ ತೆರೆಯುವಷ್ಟರಲ್ಲಿ
ವ್ಯಾನು ಏರನ್ನು ಎದೆಗೆ ಅವುಚಿಕೊಂಡು ಹತ್ತುತ್ತಿತ್ತು,
ಎದುರಿಗೆ ಇಲಿಮಾನಿಯ ಹಿಮ, ಯಾವ ಅವಸರವೂ ಇಲ್ಲದೆ.

ಮತ್ತೆ ಆ ಒಂದು? ಎಂದ ಹಿಲಾರಿಯೊ.
ಅದು ಬೆಟ್ಟದ ಪಾಲು.
ಅದೂ ಹೋಗಬೇಕೆಂದರೆ ಸಮುದ್ರದ ಮಟ್ಟಕ್ಕೆ ಇಳಿ.
ನಮಗೆ ಸಮುದ್ರವೇ ಇಲ್ಲವಲ್ಲ, ದೋನ್ಯಾ!
ಇಬ್ಬರೂ ನಕ್ಕರು, ಉಸಿರು ಸಾಲದೆ ನಿಲ್ಲಿಸಿದರು.

ಇಳಿಯುವಾಗ ಮೊಟ್ಟೆ ಎಣಿಸಿದೆ.
ಒಂದು ಬಿರುಕು ಬಿಟ್ಟಿತ್ತು.
ಅದು ನನ್ನ ಮೊಣಕೈ, ವ್ಯಾನಲ್ಲ.
ಅವುಗಳ ನಡುವೆ ಅದನ್ನು ತಿರುಗಿಸಿಟ್ಟೆ,
ಬಿರುಕು ಕೆಳಗೆ.