ನಾಲ್ಕು ತಂತಿ, ಮೂರೂವರೆ ಬೆರಳು

ಗ್ರೀನ್ ಸ್ಟ್ರೀಟಿನ ಕೈತಾನನ ಅಂಗಡಿಗೆ
ಪುರ್ಸು ತಾಂಡೇಲನನ್ನು ಕರೆದುಕೊಂಡು ಹೋದೆ.
ಅವನಿಗೆ ಸಂಗೀತ ಗೊತ್ತಿಲ್ಲ. ದೋಣಿ ಗೊತ್ತು.
ನೀರು ಎಲ್ಲಿಂದ ಒಳಗೆ ಬರುತ್ತದೆಂದು
ಹಲಗೆ ಸವರಿಯೇ ಹೇಳುವವನು.

ಗೋಡೆಯ ಮೇಲೆ ಉಕುಲೆಲೆ ಮೂರು:
ಡಾಲ್ಫಿನ್ ಅಂಟಿಸಿಕೊಂಡ ನೀಲಿಯದು,
ಕನ್ನಡಿಯಂತೆ ಮಿಂಚುವ ಕಂದು,
ಮೂಲೆಯಲ್ಲಿ, ಯಾರೋ ಪ್ರವಾಸಿ ಮಾರಿಹೋದ,
ಹೊಟ್ಟೆಯ ತುಂಬ ಉಗುರಿನ ಗೀರಿರುವ ಹಳೆಯದು.

"ಕಂದು ತಗೋ ಬಾಯಿ, ಇಡೀ ಮರ, ಗ್ಯಾರಂಟಿ."
ಪುರ್ಸು ಮಾತಾಡಲಿಲ್ಲ. ತೂತಿನ ಅಂಚಿಗೆ ಕಣ್ಣಿಟ್ಟ.
ಮೇಲಿನ ಎಳೆ ಅಂಚು ದಾಟಿ ಒಳಗಿಳಿಯಬೇಕು;
ಇಲ್ಲಿ ಮೂರು ಪದರ,
ಬುಟ್ಟಿಯಲ್ಲಿ ಒತ್ತಿಟ್ಟ ಒಣಮೀನಿನ ಹಾಗೆ.
"ಪ್ಲೈವುಡ್. ಕೆಟ್ಟದ್ದೇನಲ್ಲ, ಮಳೆಗಾಲ ತಡೆಯುತ್ತದೆ.
ಆದರೆ ಸುಳ್ಳಿಗೆ ಯಾಕೆ ದುಡ್ಡು?"

ನೀಲಿಯದರ ಕುತ್ತಿಗೆ ಸವರಿದ.
ಒಂದೊಂದು ಫ್ರೆಟ್ಟಿನ ತುದಿಯೂ ಸಿಗಡಿಯ ಕೊಂಬು.
ಬಿರಡೆ ತಿರುವಿದರೆ ತಂತಿ ಜಾರಿತು,
ತಗಡಿಗೆ ಆಗಲೇ ತುಕ್ಕು.
"ನಮ್ಮ ಗಾಳಿ ಮೊದಲು ತಿನ್ನುವುದು ಇದನ್ನೇ."

ಹಳೆಯದನ್ನು ಎತ್ತಿಕೊಂಡ.
ಉಳಿ ಬಡಿದು ಬಡಿದು ಕಿವುಡಾದ ಕಿವಿಯನ್ನು ನಂಬದೆ
ಕೆನ್ನೆಯ ಮೂಳೆಗೆ ಒತ್ತಿಕೊಂಡು "ಮೀಟು" ಎಂದ.
ಬಿಟ್ಟ ತಂತಿ ಒಮ್ಮೆ,
ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಒಮ್ಮೆ.
"ಅದೇ ಸ್ವರ ಮೇಲೇರಿತಾ, ನೀನೇ ಕೇಳಿಕೋ.
ನನಗೆ ನಡುಕ ಮಾತ್ರ ಗೊತ್ತು.
ಇದರ ನಡುಕ ಬೇಗ ಸಾಯುವುದಿಲ್ಲ."

ಗಿಟಾರ್ ಯಾಕೆ ಬೇಡ, ಕೈತಾನ ಕೇಳಿದ.
ಎಡಗೈ ತೋರಿಸಿದೆ.
ಬೈತಖೋಲಿನ ಐಸ್ ಫ್ಯಾಕ್ಟರಿಯ ಯಂತ್ರ
ಉಂಗುರದ ಬೆರಳನ್ನು ಅರ್ಧಕ್ಕೆ ಮುಗಿಸಿದೆ.
ಇದಕ್ಕೆ ನಾಲ್ಕೇ ತಂತಿ, ನನಗೆ ಮೂರೂವರೆ,
ಹೇಗೋ ಹೊಂದಿಕೊಳ್ಳುತ್ತೇವೆ.
ಅವನು ಇನ್ನೂರು ಇಳಿಸಿದ.
"ಗೀರಿಗೆ ಇಳಿಸು, ಬೆರಳಿಗೆ ಬೇಡ" ಎಂದೆ.
ಗೀರಿಗೆ ಮುನ್ನೂರು ಇಳಿಸಿ, ಹೊಸ ತಂತಿಯನ್ನೂ ಕಟ್ಟಿಕೊಟ್ಟ.

ಎಣಿಸಿ ಕೊಟ್ಟದ್ದು ಮಾಲೀಕ ಕೊಟ್ಟ ಬೆರಳಿನದೇ ದುಡ್ಡು,
ಆರು ವರ್ಷ ಅಕ್ಕಿ ಡಬ್ಬಿಯಲ್ಲಿ ಮಲಗಿದ್ದು.
ನೋಟಿಗೆ ತೌಡಿನ ವಾಸನೆ.
ಕೈತಾನ ಮೂಸಿ ನೋಡಿ ಗಲ್ಲಾಕ್ಕೆ ಹಾಕಿದ.

ಬಸ್ಸು ಕೋಡಿಬಾಗ ಮುಟ್ಟುವ ಮೊದಲೇ ತಂತಿ ಸಡಿಲ.
"ಹೊಸ ಹಗ್ಗವೂ ಹೀಗೇ,
ಒಂದು ವಾರ ಎಳೆಯುತ್ತಾ ಇರು" ಎಂದ ಪುರ್ಸು,
ಕಾಳಿ ಸೇತುವೆಯ ಮೇಲೆ, ಕಿಟಕಿಗೆ ತಲೆಯಿಟ್ಟು,
ಕೆಳಗೆ ಯಾರದೋ ದೋಣಿ
ಸ್ವಲ್ಪ ಬಲಕ್ಕೆ ವಾಲಿರುವುದನ್ನು ನೋಡುತ್ತಾ.