ಎಡ ಮಗ್ಗುಲು

ಮಟೊಸಿನ್ಯುಶ್ ಬಂದರಿನ ಹಿಂದೆ,
ಬಲೆ ಮಾರುವ ಅಂಗಡಿಯ ಅಟ್ಟದ ಮೇಲೆ
ಮಂಗಳವಾರ ಸಂಜೆ ನಾವು ನಾಲ್ವರು.
ಲೆಕ್ಕ ಹಿಡಿದರೆ ಎಂಟು ಜೀವ.
(ಇಯೊಲಾಂಡಾಳದು ಅವಳಿ, ಹಾಗಾಗಿ ಒಂಬತ್ತು.)

ಚಾಪೆ ಹಾಸುವ ಮೊದಲು ಅದೊಸಿಂದಾ ಕೇಳುತ್ತಾಳೆ,
ಪ್ರತಿ ಸಲ, ಸುಂಕದ ಕಟ್ಟೆಯವಳ ಹಾಗೆ:
ರಕ್ತ ಕಂಡಿತೇ? ನೀರು ಹೋಯಿತೇ?
ತಲೆ ಸುತ್ತಿತೇ? ಹೊಟ್ಟೆ ಬಿಗಿದು ಬಿಗಿದು ಬಂತೇ?
ಡಾಕ್ಟರ ಚೀಟಿ ಎಲ್ಲಿ?
ಎಲ್ಲಕ್ಕೂ ಉತ್ತರ ಸಿಕ್ಕ ಮೇಲೇ
ಬೂಟು ಬಿಚ್ಚಲು ಅಪ್ಪಣೆ.

ನಾನೇನು ಹೊಸಬಳಲ್ಲ.
ಬಸಿರಿಗೆ ಮೊದಲೇ ನಾಲ್ಕು ವರ್ಷ ಪಿಲಾಟಿಸ್ ಮಾಡಿದವಳು,
ಅಂಗಾತ ಮಲಗಿ, ಕಾಲೆತ್ತಿ, ತಲೆಯೆತ್ತಿ
ನೂರು ಎಣಿಸುವ ತನಕ ಗಾಳಿಗೆ ಕೈ ಬಡಿದವಳು.
"ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಡು, ಲಿಯೊನಿಲ್ಡಾ,
ಮದುವೆಯ ಉಡುಪಿನ ಜೊತೆಗೆ" ಅಂದಳು.
"ಐದು ದಾಟಿತು. ಅಂಗಾತ ಬಿದ್ದುಕೊಂಡರೆ
ಮಗು ತನ್ನ ಭಾರವನ್ನೆಲ್ಲ
ನಿನ್ನ ದೊಡ್ಡ ರಕ್ತನಾಳದ ಮೇಲಿಡುತ್ತದೆ.
ಅದಕ್ಕೇನು ಗೊತ್ತು, ಪಾಪ.
ನಿನಗೆ ಗೊತ್ತಿರಬೇಕು."

ಹಾಗಾಗಿ ಎಡ ಮಗ್ಗುಲು.
ಮೊಣಕಾಲ ನಡುವೆ ದಿಂಬು, ಬಸಿರ ಕೆಳಗೆ ಮಡಿಸಿದ ಟವೆಲ್ಲು.

ಹಗಲೆಲ್ಲ ನಾನು ಕಾರ್ಖಾನೆಯಲ್ಲಿ ಡಬ್ಬಿ ತುಂಬುವವಳು,
ಒಂದರ ಕೊರಳಿಗೆ ಇನ್ನೊಂದರ ಬಾಲ,
ಡಬ್ಬಿಗೆ ಐದು ಬೂತಾಯಿ, ಎಲ್ಲವೂ ಮಗ್ಗುಲಾಗಿ.
"ಇನ್ನು ಎಣ್ಣೆ ಸುರಿದು ಮುಚ್ಚಳ ಹಾಕುವುದೊಂದೇ ಬಾಕಿ" ಅಂದೆ.
ಜೆನೊವೆವಾ ನಕ್ಕಳು. ನಗುತ್ತ ತುಸು ಸೋರಿದಳು,
ಅದನ್ನೂ ಹೇಳಿಕೊಂಡು ಮತ್ತೆ ನಕ್ಕಳು.

ಅದೊಸಿಂದಾ ನಗಲಿಲ್ಲ.
"ಸರಿ, ಪಾಠ ಅಲ್ಲಿಂದಲೇ.
ಉಸಿರು ಬಿಡುತ್ತ ಕೆಳಗಿನ ಸ್ನಾಯು ಮೆಲ್ಲಗೆ ಮೇಲಕ್ಕೆ.
ಉಸಿರು ಕಟ್ಟಬೇಡಿ. ಈಗ ಬಿಡಿ. ಪೂರ್ತಿ ಬಿಡಿ."

ಬಿಡುವುದು ನನಗೆ ಬರಲಿಲ್ಲ.
ಹೊಟ್ಟೆ ಒಳಗೆಳೆದುಕೋ ಅಂತ ಹನ್ನೊಂದರ ವಯಸ್ಸಿಗೇ ಅಮ್ಮ,
ಆಮೇಲೆ ದರ್ಜಿ, ಫೋಟೋ ತೆಗೆಯುವವನು,
ಆಮೇಲೆ ಯಾರೂ ಹೇಳಬೇಕಾಗಿರಲಿಲ್ಲ.
ಹೋದ ವರ್ಷದ್ದು ನಿಲ್ಲಲಿಲ್ಲ, ಹತ್ತನೇ ವಾರ.
ಅಂದಿನಿಂದ ನಿದ್ದೆಯಲ್ಲೂ ಬಿಗಿಹಿಡಿದೇ ಇದ್ದೇನೆ.

ಅವಳ ಅಂಗೈ ನನ್ನ ಸೊಂಟದ ಮೇಲಿತ್ತು, ಗೊತ್ತಾಗಿರಬೇಕು.
"ನೀನು ಹಿಡಿಯಲಿಲ್ಲ ಅಂತ ಹೋದದ್ದಲ್ಲ ಅದು" ಅಂದಳು,
ನನಗೊಬ್ಬಳಿಗೇ ಕೇಳುವಷ್ಟು,
ಮತ್ತೆ ಜೋರಾಗಿ: "ಬಲಗಡೆಯವರು, ಭುಜ!"

ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಹೊತ್ತು.
ಅವಳಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಮಾರಿದವಳು.
"ತಲೆಯ ಮೇಲೆ ಬುಟ್ಟಿ ಇದೆ, ನೀರು ತೊಟ್ಟಿಕ್ಕುತ್ತಿದೆ, ನೆಟ್ಟಗೆ!
ಎಳೆದಾಡಬೇಡಿ, ಕೀಲುಗಳೀಗ ಬೆಣ್ಣೆ.
ಮಾತಾಡುತ್ತಲೇ ಮಾಡಿ. ಮಾತು ನಿಂತರೆ ಮೈಯೂ ನಿಲ್ಲಲಿ."
ಹಾಗಾಗಿ ಆಲೂಗಡ್ಡೆಯ ಬೆಲೆ, ಅತ್ತೆಯರ ಗೊರಕೆ,
ಮಗುವಿಗೆ ಇಡಬಾರದ ಹೆಸರುಗಳು.

ಫಿಲೊಮೆನಾ ಸುಮ್ಮನಾದಳು.
ನಮಗೆ ತಿಳಿಯುವ ಮೊದಲೇ
ಅದೊಸಿಂದಾಳಿಗೆ ಆ ಮೌನ ಕೇಳಿಸಿತ್ತು.
ಕುರ್ಚಿ, ಕಿಟಕಿ, ನೀರಿನ ಲೋಟ.
"ಸ್ವಲ್ಪ ಕಣ್ಣು ಕತ್ತಲೆ, ಅಷ್ಟೇ" ಅಂದಳವಳು.
"ನಾಳೆ ಡಾಕ್ಟರಿಗೆ..."
"ನಾಳೆಯಲ್ಲ" ಎನ್ನುತ್ತ ಅದೊಸಿಂದಾ
ಆಗಲೇ ಫೋನು ಒತ್ತುತ್ತಿದ್ದಳು.
ಆಚೆ ಯಾವುದೋ ಹಡಗು ಕೂಗಿತು.
ಅವಳ ಗಂಡ ಹಿಟ್ಟಿನ ಕೈಯಲ್ಲೇ ಓಡಿಬಂದ, ಬೇಕರಿಯವನು,
ಆಸ್ಪತ್ರೆಗೆ ಕರೆದೊಯ್ದ.

ಉಳಿದವರು ಬೂಟು ಹಾಕಿಕೊಳ್ಳಬೇಕು.
ಬಗ್ಗಿದರೆ ಬಸಿರು ಅಡ್ಡ, ಮೂವರಿಗೂ.
ಒಬ್ಬರ ಕಾಲು ಇನ್ನೊಬ್ಬರು ನೋಡುತ್ತ ಬೆಂಚಿನ ಮೇಲೆ ಕೂತೆವು.

ಎಪ್ಪತ್ತೊಂದರ ಅದೊಸಿಂದಾ ಮಂಡಿಯೂರಿದಳು,
ಬೆನ್ನು ನೆಟ್ಟಗೆ,
ಬಲೆಯವರ ಗಂಟು ಹಾಕಿ ಆರು ಲಾಡಿ ಬಿಗಿದಳು.
ಬೆಂಚಿನ ಅಂಚು ಹಿಡಿದು,
ನಮಗೆ ಕೇಳುವ ಹಾಗೆ ಉಸಿರು ಬಿಡುತ್ತ
ಎದ್ದಳು.