ಉದ್ಭವಿಸುವುದಿಲ್ಲ

ಆಗ ನಾನು ಉಡುಪಿಯ ಕೋರ್ಟಿನ ಹಿಂದೆ
ಪುಟಕ್ಕೆ ಇಷ್ಟೆಂದು ಅಕ್ಷರ ಕುಟ್ಟುತ್ತಿದ್ದೆ.
ಚಂದು ಮೆಂಡನ್ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಗುಮಾಸ್ತ,
ಬೋಟಿಗೆ ಹೋದದ್ದೆಷ್ಟು, ದಾರಿಯಲ್ಲಿ ಕರಗಿದ್ದೆಷ್ಟು
ಎರಡಕ್ಕೂ ಲೆಕ್ಕ ಇಡುವವನು.
ಗೆದ್ದ ಮರುದಿನ ಬಂದ. ಕೊರಳಲ್ಲಿ ಹಾರದ ನಾರಿನ ಗೀರು.
"ಸರಕಾರಕ್ಕೆ ಬರೆಯುವಾಗ ಮೊದಲು ಎಂಥ ಹಾಕುವುದು ಮಾರಾಯಾ?"
ಮಾನ್ಯರೇ, ಅಂದೆ.
ಅವತ್ತಿನಿಂದ ನನ್ನ ಬಾಯಲ್ಲೂ ಅವನು ಅವರಾದರು.

ಎರಡು ಅವಧಿ. ಎಷ್ಟೋ ರಿಬ್ಬನ್ನು.
ಟೀಚರಮ್ಮನ ವರ್ಗ, ಮಣಿಪಾಲದಲ್ಲಿ ಒಂದು ಮಂಚ,
ಫೋನಿನ ಕಂಬ, ಪಡಿತರ ಚೀಟಿಯಲ್ಲಿ ಬಿಟ್ಟುಹೋದ ಸೊಸೆ,
ಗಲಾಟೆಯಲ್ಲಿ ಸಿಕ್ಕಿಬಿದ್ದ ಯಾರದೋ ತಮ್ಮ.
ಅವನ ಕೈಗೆ ಕಲ್ಲು ಕೊಟ್ಟವರಾರೆಂದು
ನಮಗಿಬ್ಬರಿಗೂ ಗೊತ್ತಿತ್ತು.
"ಅದೆಲ್ಲ ಬೇಡ, ನೀನು ಕುಟ್ಟು" ಅಂದರು.
ಕುಟ್ಟಿದೆ.
ಸಹಿಯ ಕೊನೆಯ ನಕಾರಕ್ಕೆ ವರ್ಷ ವರ್ಷ ಬಾಲ ಬೆಳೆಯಿತು.

ವಿಧಾನಸಭೆಯಲ್ಲಿ ಬಾಯಿ ತೆರೆದದ್ದು ಕಡಿಮೆ.
ಒಂದು ಪ್ರಶ್ನೆ ಮಾತ್ರ ನೆನಪುಂಟು, ಚುಕ್ಕೆ ಗುರುತಿನದು:
(ಅ) ಹೊಸಕುದ್ರುವಿನ ಶಾಲಾಮಕ್ಕಳು
ಮಳೆಗಾಲದಲ್ಲೂ ದೋಣಿಯಲ್ಲಿ ಹೊಳೆ ದಾಟುವುದು
ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಸೇತುವೆ ಯಾವಾಗ?
ಉತ್ತರ ಅಚ್ಚಾಗಿ ಬಂತು.
(ಅ) ಬಂದಿಲ್ಲ.
(ಆ) ಉದ್ಭವಿಸುವುದಿಲ್ಲ.
"ಎಂಥ ಶಬ್ದ ನೋಡು" ಅಂದರು. ಇನ್ನೊಮ್ಮೆ ಓದಿದರು,
ಬಾಯೊಳಗೆ ಮುಳ್ಳು ಹುಡುಕುವ ಹಾಗೆ
ನಾಲಗೆ ತಿರುಗಿಸಿ.

ಮೂರನೆಯ ಸಲ ಇನ್ನೂರ ಹದಿನಾಲ್ಕು ಮತದಲ್ಲಿ ಹೋಯಿತು.
ಸೋಲಿಗೆ ಅಷ್ಟು ಸಣ್ಣ ಸಂಖ್ಯೆ ಇರಬಾರದು.
ಮದುವೆಗೆ ಹೋಗದೆ ತಪ್ಪಿಸಿದ ಮನೆಗಳನ್ನು
ರಾತ್ರಿ ಕೂತು ಬೆರಳು ಮಡಚಿ ಎಣಿಸಿಬಿಡಬಹುದು.
ಜಗಲಿಯ ಕೆಳಗೆ ಚಪ್ಪಲಿ ಕಡಿಮೆಯಾದವು.
ಬಹುವಚನ ವಾಪಸು ಪಡೆಯಲು ಮಾತ್ರ
ನನ್ನ ಬಾಯಿ ಒಪ್ಪಲಿಲ್ಲ.

ಮಾಜಿಗಳಿಗೆ ಸರಕಾರಿ ಬಸ್ಸಿನ ಪಾಸು ಉಂಟು,
ನಮ್ಮ ರೂಟಿನಲ್ಲಿ ಓಡುವುದೆಲ್ಲ ಪ್ರೈವೇಟು.
ಕಂಡಕ್ಟರ್ "ಬೊಡ್ಚಿ ಸರ್" ಅನ್ನುತ್ತಾನೆ,
ಇವರು ನೋಟನ್ನು ಅವನ ಕಿಸೆಗೇ ತುರುಕುತ್ತಾರೆ,
ಆಮೇಲೆ ಚಿಲ್ಲರೆ ಕೇಳುತ್ತಾರೆ.

ಸೇತುವೆ ಆಯಿತು, ಯಾರದೋ ಕಾಲದಲ್ಲಿ.
ಕಲ್ಲಿನ ಮೇಲೆ ಹನ್ನೊಂದು ಹೆಸರು. ಇವರದಿಲ್ಲ.
ಉದ್ಘಾಟನೆಯಾಗಿ ವಾರ ಕಳೆಯುವುದರೊಳಗೆ
ಕಡವಿನ ತನಿಯ ಇವರ ಮನೆಗೆ ಬಂದನಂತೆ,
ಹುಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಹೆಗಲಲ್ಲೇ ಇಟ್ಟುಕೊಂಡು.
"ಇನ್ನು ನನಗೆಂಥ ಕೆಲಸ ಧನಿ?
ಪಂಚಾಯತಿಗೆ ನೀರು ಬಿಡುವವ ಬೇಕಂತೆ. ಒಂದು ಕಾಗದ ಕೊಡಿ."

ಇಬ್ಬರೂ ನನ್ನಲ್ಲಿಗೆ ಬಂದರು,
ಹುಳ ತಿಂದ ಹಳೆಯ ಲೆಟರ್‌ಹೆಡ್ ಹಿಡಿದು.
ಶಾಸಕರು ಎಂಬುದರ ಹಿಂದೆ ಮಾಜಿ ಸೇರಬೇಕು,
ಜಾಗವಿಲ್ಲ.
ರೋಲರ್ ತಿರುಗಿಸಿ, ಕಾಗದ ಸರಿಸಿ, ಉಸಿರು ಹಿಡಿದು ಕುಟ್ಟಿದೆ.
ಮಾ ಹೋಗಿ ಬಿದ್ದದ್ದು
ಗಂಡಭೇರುಂಡದ ಉಗುರಿನ ಮೇಲೆ.
"ಇರಲಿ" ಅಂದರು, "ಅದು ಕಚ್ಚುವುದಿಲ್ಲ."
ಸಹಿಗೆ ನನ್ನ ಪೆನ್ನೇ ಕೇಳಿದರು.

ತನಿಯ ಕಾಗದ ಮಡಚದೆ
ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ.
ಇವರು ಕೂತೇ ಇದ್ದರು.
"ಮೇಲೆ ಮಾನ್ಯರೇ ಅಂತ ಹಾಕಿದ್ದೀಯಲ್ಲ?"
ಹಾಕಿದ್ದೆ.